ಮಳೆ ಕಳೆದ ಹಿತ್ತಲಿಗೆ ಇಳಿಯುವ ಮುನ್ನ

ಉತ್ತರೆ ಮಳೆ ಮುಗಿದು ಹಸ್ತ ಮಳೆ ಹಿಡಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯ ವಾರಕ್ಕೆ, ನಮ್ಮ ಮನೆಗಳ ಹಿತ್ತಲು ನೋಡುವಂತಿರುವುದಿಲ್ಲ. ಮೂರು ತಿಂಗಳು ಯಾರೂ ಸರಿಯಾಗಿ ಕಾಲಿಡದ ಜಾಗದಲ್ಲಿ ಮೊಣಕಾಲೆತ್ತರ ಹುಲ್ಲು, ಕಾಂಪೌಂಡಿನ ಬದಿಗೆ ಕಾಂಗ್ರೆಸ್ ಗಿಡ, ಮೂಲೆಯಲ್ಲಿ ಕೊಳೆತ ತೆಂಗಿನ ಗರಿ, ನೀರು ತುಂಬಿದ ಚಿಪ್ಪು. ಶರದೃತು ಕಾಲಿಟ್ಟ ಕೂಡಲೇ, ಆಯುಧಪೂಜೆಗೆ ಮನೆ ತೊಳೆಯುವ ಉತ್ಸಾಹದಲ್ಲೇ ಕುಡುಗೋಲು ಹಿಡಿದು ಹಿತ್ತಲಿಗೂ ಇಳಿಯುವವರು ಅನೇಕರು. ಒಳ್ಳೆಯದೇ. ಚಳಿಗಾಲದ ಸೊಪ್ಪು, ತರಕಾರಿಗೆ ಮಡಿ ಸಿದ್ಧ ಮಾಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಆರೋಗ್ಯದ ಅಂಕಣದಲ್ಲಿ ಕೈತೋಟದ ಮಾತೇಕೆ ಎಂದು ನೀವು ಕೇಳಬಹುದು. ಕಾರಣ ಸರಳ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಬರುವ ಜ್ವರ, ಚರ್ಮದ ತುರಿಕೆ, ಕಾಲಿನ ಗಾಯಗಳಲ್ಲಿ ಹಲವು ಹುಟ್ಟಿದ್ದು ಹಿತ್ತಲಿನಲ್ಲಿ. ಆದರೆ ರೋಗಿ ಆ ಮಾತನ್ನು ಹೇಳುವುದಿಲ್ಲ. "ಎರಡು ದಿನದಿಂದ ಜ್ವರ, ಮೈಕೈ ನೋವು" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಹತ್ತು ದಿನದ ಹಿಂದೆ ಬರಿಗಾಲಲ್ಲಿ ಕೆಸರು ತುಳಿದದ್ದಕ್ಕೂ ಈ ಜ್ವರಕ್ಕೂ ಸಂಬಂಧವಿರಬಹುದೆಂದು ಅವರಿಗೆ ಹೊಳೆಯುವುದಿಲ್ಲ. ವೈದ್ಯರೂ ಅವಸರದಲ್ಲಿದ್ದರೆ ಕೇಳುವುದಿಲ್ಲ. ಹಾಗಾಗಿ ಹಿತ್ತಲಿಗೆ ಇಳಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮುಂದಿನ ಮೂರು ವಾರಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಆ ದಿನಾಂಕವನ್ನು.

ಮೊದಲು ಕೋಲು, ಆಮೇಲೆ ಕೈ

ಹುಲ್ಲಿನ ಮಧ್ಯೆ, ಸೌದೆ ರಾಶಿಯ ಕೆಳಗೆ, ಪೇರಿಸಿಟ್ಟ ಹೆಂಚು, ಇಟ್ಟಿಗೆಗಳ ಸಂದಿನಲ್ಲಿ ಹಾವು ಇರಬಹುದು. ಇಲಿ ಇರುವಲ್ಲಿ ಹಾವು ಬರುತ್ತದೆ. ಹಿತ್ತಲಿನಲ್ಲಿ ಅನ್ನದ ಮುಸುರೆ, ಕಾಳು ಕಡ್ಡಿ ಚೆಲ್ಲುವ ಮನೆಗೆ ಇಲಿ ಬರುತ್ತದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವಿನ ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58 ಸಾವಿರ ಸಾವು! ಅದರಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ನಡುವಿನವು. ನಮ್ಮ ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಕೆಲಸಕ್ಕೆ ಬೆಳಕು ಚೆನ್ನಾಗಿರುವ ಹೊತ್ತನ್ನು ಆರಿಸಿಕೊಳ್ಳಿ. ಉದ್ದನೆಯ ಕೋಲಿನಿಂದ ಹುಲ್ಲು, ರಾಶಿಗಳನ್ನು ತಟ್ಟಿ, ಐದು ನಿಮಿಷ ಬಿಟ್ಟು ಆಮೇಲೆ ಕೈಹಾಕಿ. ಇಟ್ಟಿಗೆ, ಕಲ್ಲು, ಹಲಗೆಗಳನ್ನು ಎತ್ತುವಾಗ ಬೆರಳನ್ನು ಅಡಿಗೆ ತೂರಿಸಬೇಡಿ. ಹಾರೆಯಿಂದ ಮೀಟಿ ಎಬ್ಬಿಸಿ. ಕಾಲಿಗೆ ಗಂಬೂಟು, ಅದಿಲ್ಲವಾದರೆ ದಪ್ಪ ಬೂಟು ಮತ್ತು ಪೂರ್ತಿ ಪ್ಯಾಂಟು ಇರಲಿ. ಹವಾಯಿ ಚಪ್ಪಲಿ ಹಾಕಿ ಹುಲ್ಲು ಕೊಯ್ಯುವುದು ಬರಿಗಾಲಿಗಿಂತ ಹೆಚ್ಚಿನದೇನೂ ಅಲ್ಲ. ಹೆಂಗಸರು ಸೀರೆಯ ನೆರಿಗೆ ಎತ್ತಿ ಕಟ್ಟಿ ಬರಿಗಾಲಲ್ಲಿ ಇಳಿಯುವುದು ನಮ್ಮಲ್ಲಿ ಮಾಮೂಲು. ಮನೆಯ ಗಂಡಸರ ಹಳೆಯ ಪ್ಯಾಂಟು, ಬೂಟು ಈ ಒಂದು ದಿನಕ್ಕೆ ಅವರಿಗೂ ಸಲ್ಲಲಿ, ನಗುವವರು ನಗಲಿ.

ಕಡಿತವಾದರೆ ಏನು ಮಾಡಬಾರದೆಂಬುದೇ ಮುಖ್ಯ. ಬಿಗಿಯಾಗಿ ಹಗ್ಗ ಕಟ್ಟಬಾರದು, ಬ್ಲೇಡಿನಿಂದ ಗೀರಬಾರದು, ಬಾಯಿಂದ ಹೀರಬಾರದು, ಮಂತ್ರ ಹಾಕುವವರ ಮನೆ ಹುಡುಕಿ ಹೊತ್ತು ಕಳೆಯಬಾರದು. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಏಕೆಂದರೆ ಬಾವು ಬರುತ್ತದೆ. ಕಡಿತವಾದ ಕೈ ಅಥವಾ ಕಾಲನ್ನು ಅಲುಗಾಡಿಸದಂತೆ ಹಲಗೆಯ ಆಸರೆ ಕೊಟ್ಟು, ನಡೆಸದೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಕೊಂದು ತರುವ ಸಾಹಸ ಬೇಡ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಚುಚ್ಚುಮದ್ದು. ಕಟ್ಟುಹಾವಿನ ಕಡಿತ ನೋಯುವುದೇ ಕಡಿಮೆ, ಗುರುತೂ ಕಾಣದಿರಬಹುದು. ಸ್ವಲ್ಪ ಹೊತ್ತಿನ ನಂತರ ರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ. "ಏನೂ ಆಗಿಲ್ಲ, ಸ್ವಲ್ಪ ಮಲಗುತ್ತೇನೆ" ಎಂದವರನ್ನು ಮಲಗಲು ಬಿಡಬೇಡಿ.

ಕೆಸರು, ಹುಲ್ಲು ಮತ್ತು ಜ್ವರ

ಹಾವು ಕಣ್ಣಿಗೆ ಕಾಣುವ ಶತ್ರು. ಕಾಣದವು ಇನ್ನೂ ಹಲವು. ಇಲಿಯ ಮೂತ್ರದಲ್ಲಿರುವ ಲೆಪ್ಟೊಸ್ಪೈರಾ ಎಂಬ ರೋಗಾಣು ಒದ್ದೆ ಮಣ್ಣು, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಬಲ್ಲದು. ಹಿಮ್ಮಡಿಯ ಬಿರುಕು, ಬೆರಳ ಸಂದಿನ ಕೆಸರುಹುಣ್ಣು, ತರಚಿದ ಗಾಯ, ಇವೇ ಅದಕ್ಕೆ ಬಾಗಿಲು. ಹೊಕ್ಕ ಮೇಲೆ ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳಲ್ಲಿ ಚಳಿಜ್ವರ, ತಲೆನೋವು, ಕಣ್ಣು ಕೆಂಪಾಗುವುದು ಮತ್ತು ಮುಟ್ಟಿದರೆ ಕಿರುಚುವಷ್ಟು ಮೀನಖಂಡದ ನೋವು ಕಾಣಿಸಿಕೊಳ್ಳುತ್ತದೆ. ಇದನ್ನೇ ಇಲಿಜ್ವರವೆನ್ನುವುದು. ಮೊದಲ ದಿನಗಳಲ್ಲಿ ಗುರುತಿಸಿದರೆ ಅಗ್ಗದ ಮಾತ್ರೆಗಳಲ್ಲೇ ವಾಸಿ. ಕಾಮಾಲೆ ಕಾಣಿಸಿ ಮೂತ್ರಪಿಂಡ ಸೋಲುವ ಹಂತ ತಲುಪಿದರೆ ತೀವ್ರ ನಿಗಾ ಘಟಕವೇ ಗತಿ. ಕಾಲಿನಲ್ಲಿ ಗಾಯವಿದ್ದವರು, ಮುಖ್ಯವಾಗಿ ಮಧುಮೇಹಿಗಳು, ಗಾಯ ಒಣಗುವವರೆಗೆ ಕೆಸರಿಗೆ ಇಳಿಯಲೇಬಾರದು.

ಇನ್ನೊಂದು, ಸ್ಕ್ರಬ್ ಟೈಫಸ್. ಪೊದೆ, ಹುಲ್ಲುಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಮರಿ ಕಚ್ಚಿದಾಗ ಬರುವ ಜ್ವರ. ಮಳೆ ಕಳೆದ ತಿಂಗಳುಗಳೇ ಇದರ ಹಂಗಾಮು. ಕಚ್ಚಿದ ಜಾಗ ಬೀಡಿಯಿಂದ ಸುಟ್ಟಂತೆ ಕಪ್ಪು ಹೊಪ್ಪಳೆಯಾಗಿರುತ್ತದೆ, ನೋವಿರುವುದಿಲ್ಲ. ಅದು ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಸೊಂಟದ ದಾರದ ಕೆಳಗೋ ಅಡಗಿರುವುದರಿಂದ ರೋಗಿಗೇ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಹೇಳಲು ಸಂಕೋಚ. ಸಂಕೋಚ ಬಿಟ್ಟು ತೋರಿಸಿ. ಆ ಒಂದು ಕಪ್ಪು ಚುಕ್ಕೆ ಹತ್ತು ಪರೀಕ್ಷೆಗಳ ಖರ್ಚು ಉಳಿಸಬಹುದು. ಹುಲ್ಲು ಕೊಯ್ದು ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ಉಜ್ಜಿ ಸ್ನಾನ ಮಾಡುವುದು ಇದಕ್ಕೆ ಒಳ್ಳೆಯ ತಡೆ. ಅದೇ ಬಟ್ಟೆಯಲ್ಲಿ ಹುಲ್ಲಿನ ಮೇಲೆ ಮಲಗಿ ವಿರಮಿಸುವ ಅಭ್ಯಾಸ ಬೇಡ.

ಮಲೆನಾಡಿನ ಓದುಗರಿಗೊಂದು ಪ್ರತ್ಯೇಕ ಮಾತು. ಗಿಡದ ಬುಡಕ್ಕೆ ಹಾಸಲೆಂದು, ಕೊಟ್ಟಿಗೆಗೆಂದು ಕಾಡಿನ ಒಣ ಎಲೆ ಹೊತ್ತು ತರುವುದು ನಿಮ್ಮಲ್ಲಿ ರೂಢಿ. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಆ ಎಲೆಯ ಜೊತೆಗೇ ಮನೆಗೆ ಬರುತ್ತವೆ. ಕಾಯಿಲೆಯ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ. ಮಂಗ ಸತ್ತ ಸುದ್ದಿಯಿರುವ ಕಾಡಿನ ಎಲೆ ನಿಮ್ಮ ಹಿತ್ತಲಿಗೆ ಬೇಡ.

ಕಾಂಗ್ರೆಸ್ ಗಿಡ

ಪಾರ್ಥೇನಿಯಂ ಎಂಬ ಹೆಸರಿನ ಈ ಗಿಡದ ಪರಿಚಯ ಯಾರಿಗೂ ಬೇಕಿಲ್ಲ. ಇದರ ಸಂಪರ್ಕದಿಂದ ಕೆಲವರಿಗೆ ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ಎದ್ದು ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ. ಹೂವಿನ ಪರಾಗದಿಂದ ಸೀನು, ಉಬ್ಬಸ. ಒಮ್ಮೆ ಅಲರ್ಜಿ ಅಂಟಿಕೊಂಡರೆ ವರ್ಷವರ್ಷವೂ ಕಾಡುವ ತೊಂದರೆಯಿದು. ಬಿಳಿ ಹೂ ಬಿಡುವ ಮುನ್ನವೇ, ನೆಲ ಒದ್ದೆಯಿರುವಾಗ ಬೇರುಸಹಿತ ಕೀಳಬೇಕು. ಕೈಗೆ ಗವಸು, ಅಥವಾ ಕೈಗೆ ಕಟ್ಟಿದ ಪ್ಲಾಸ್ಟಿಕ್ ಚೀಲವಾದರೂ ಇರಲಿ. ಮೂಗಿಗೆ ಬಟ್ಟೆ. ಈಗಾಗಲೇ ತುರಿಕೆ, ಉಬ್ಬಸ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ. ಎಲೆಯ ಮೇಲೆ ಕೆನೆಬಣ್ಣದ, ಕಂದು ಗೀಟುಗಳ ಪುಟ್ಟ ಜೀರುಂಡೆ ಕಂಡರೆ ಹೊಸಕಬೇಡಿ. ಈ ಗಿಡವನ್ನು ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆಯ ಸಂತಾನವದು.

ಕಿತ್ತ ಗಿಡ, ಒಣಗಿದ ಎಲೆಗಳಿಗೆ ಬೆಂಕಿ ಹಚ್ಚುವುದು ಸುಲಭ. ಆದರೆ ಆ ಹೊಗೆ ಪಕ್ಕದ ಮನೆಯ ಅಜ್ಜಿಯ ದಮ್ಮಿಗೂ ಮಗುವಿನ ಕೆಮ್ಮಿಗೂ ಕಾರಣವಾಗುತ್ತದೆ, ಅದೂ ದೀಪಾವಳಿಯ ಪಟಾಕಿ ಹೊಗೆಯ ಹಿಂದೆಮುಂದೆ. ಗುಂಡಿ ತೋಡಿ, ಎಲೆಯ ಮೇಲೆ ಸ್ವಲ್ಪ ಸಗಣಿ ನೀರು, ಒಂದು ಪದರ ಮಣ್ಣು ಹಾಕುತ್ತಾ ಬನ್ನಿ. ಬೇಸಿಗೆಯ ಹೊತ್ತಿಗೆ ಗೊಬ್ಬರ. ಹೂಬಿಟ್ಟ ಕಾಂಗ್ರೆಸ್ ಗಿಡವನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕಬೇಡಿ, ಬೀಜ ಉಳಿದು ಮಡಿಯಲ್ಲೇ ಮೊಳೆಯುತ್ತದೆ.

ಗುದ್ದಲಿ ತಾಗಿದ ಗಾಯ

ತುಕ್ಕು ಹಿಡಿದ ಕಬ್ಬಿಣದಿಂದ ಮಾತ್ರ ಧನುರ್ವಾಯು ಬರುತ್ತದೆ ಎಂಬುದು ತಪ್ಪು ಕಲ್ಪನೆ. ಅದರ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಹೊಳೆಯುವ ಹೊಸ ಕುಡುಗೋಲು ತಾಗಿದರೂ, ಗುಲಾಬಿ ಮುಳ್ಳು ಚುಚ್ಚಿದರೂ ಬರಬಹುದು. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಚೆನ್ನಾಗಿ ತೊಳೆದು ಶುಭ್ರ ಬಟ್ಟೆ ಕಟ್ಟಿ. ಕಾಫಿ ಪುಡಿ, ಮಣ್ಣು, ಸಗಣಿ, ಸುಣ್ಣ ಮೆತ್ತುವುದು ಬೇಡವೇ ಬೇಡ.

ಇನ್ನು ಚುಚ್ಚುಮದ್ದಿನ ವಿಚಾರ. ಪ್ರತಿ ಗಾಯಕ್ಕೂ, ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವವರನ್ನು ಕಾಣುತ್ತೇವೆ. ಅದರ ಅಗತ್ಯವಿಲ್ಲ. ಹಿಂದೆ ಪೂರ್ತಿ ಸರದಿ ಹಾಕಿಸಿಕೊಂಡವರಿಗೆ ಹತ್ತು ವರ್ಷಕ್ಕೊಂದು ಸಾಕು. ಮಣ್ಣು ಸೇರಿದ ಗಾಯವಾದರೆ, ಕೊನೆಯದು ಹಾಕಿಸಿ ಐದು ವರ್ಷ ಕಳೆದಿದ್ದರೆ ಇನ್ನೊಂದು. ನಿಜವಾದ ಅಪಾಯವಿರುವುದು ಇನ್ನೊಂದು ಗುಂಪಿಗೆ. ದೇಶದಲ್ಲಿ ಮಕ್ಕಳ ವಿಸ್ತೃತ ಲಸಿಕೆ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದ ಹೆಂಗಸರಿಗೆ ಬಸಿರಿನ ಕಾಲದಲ್ಲಾದರೂ ಚುಚ್ಚುಮದ್ದು ಸಿಕ್ಕಿರಬಹುದು. ಗಂಡಸರಲ್ಲಿ ಎಷ್ಟೋ ಜನರಿಗೆ ಪೂರ್ತಿ ಸರದಿ ಸಿಕ್ಕೇ ಇಲ್ಲ. ನಿವೃತ್ತರಾಗಿ ಕೈತೋಟದ ಹುಚ್ಚು ಹಿಡಿಸಿಕೊಂಡವರು ಅವರೇ! ನಿಮ್ಮ ಮನೆಯ ಹಿರಿಯರು ಗುದ್ದಲಿ ಹಿಡಿಯುವ ಮುನ್ನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ವಿಚಾರಿಸಲಿ. ಈಗ ಕೊಡುವ ಟಿಡಿ ಲಸಿಕೆಯಲ್ಲಿ ಗಂಟಲಮಾರಿಗೂ ರಕ್ಷಣೆಯಿದೆ.

ಚಿಪ್ಪು, ಹಾಳೆ, ಬಿದಿರು ಮೋಟು

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೆರೆ ಬೇಡ, ಒಂದು ಚಿಪ್ಪು ನೀರು ಸಾಕು. ಹಿತ್ತಲಿನಲ್ಲಿ ಅದಕ್ಕೆ ಜಾಗಗಳಿಗೇನು ಬರ? ತೆಂಗಿನ ಚಿಪ್ಪು, ಉದುರಿದ ಅಡಿಕೆ ಹಾಳೆ, ಕಡಿದ ಬಿದಿರಿನ ಮೋಟು, ಹೂಕುಂಡದ ಕೆಳಗಿನ ತಟ್ಟೆ, ಹಳೆಯ ಟೈರು, ಕರಾವಳಿಯ ರಬ್ಬರ್ ತೋಟದ ಕಪ್ಪು, ಮನಿಪ್ಲಾಂಟ್ ಇಟ್ಟ ಬಾಟಲಿ. ಬಹಳ ಜನ ನೀರು ಚೆಲ್ಲಿ ಅದೇ ಪಾತ್ರೆಯನ್ನು ಅಲ್ಲೇ ಇಡುತ್ತಾರೆ. ಸೊಳ್ಳೆ ಮೊಟ್ಟೆ ಅಂಟಿಸುವುದು ಪಾತ್ರೆಯ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಆ ಮೊಟ್ಟೆ ಒಣಗಿದರೂ ಸಾಯದೆ ತಿಂಗಳುಗಟ್ಟಲೆ ಕಾದಿದ್ದು ಮುಂದಿನ ಮಳೆಗೆ ಮರಿಯಾಗುತ್ತದೆ. ಆದ್ದರಿಂದ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು. ವಾರಕ್ಕೊಮ್ಮೆ, ದಿನ ನಿಗದಿ ಮಾಡಿಕೊಂಡು ಮಾಡಿದರೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗುವಷ್ಟು ಅವಕಾಶ ಅದಕ್ಕೆ ಸಿಗುವುದಿಲ್ಲ. ಬಿದಿರಿನ ಮೋಟಿಗೆ ಮಣ್ಣು ತುಂಬಿಬಿಡಿ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ನೀರು ನಿಲ್ಲಿಸಿಕೊಂಡವರಿಗೆ ದಂಡ ಹಾಕುವ ನಿಯಮವನ್ನೂ ತಂದಿತು. ದಂಡಕ್ಕಿಂತ ಜ್ವರವೇ ದುಬಾರಿ.

ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ನೀವು ಹಿತ್ತಲಿನಲ್ಲಿರುವ ಹೊತ್ತಿಗೇ. ತುಂಬುತೋಳಿನ ಅಂಗಿ ಹಾಕಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಹೊರತು ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳನ್ನು ನೀವಾಗಿ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಜ್ವರ ಇಳಿಯುವ ದಿನವೇ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮಡಿ ಮತ್ತು ಸೊಪ್ಪು

ಇಷ್ಟೆಲ್ಲ ಹೆದರಿಸಿದ್ದು ಹಿತ್ತಲನ್ನು ಬಿಟ್ಟುಬಿಡಿ ಎಂದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 100 ಗ್ರಾಂ ಸೊಪ್ಪು ತಿನ್ನಿ ಎನ್ನುತ್ತದೆ. ನಾಲ್ಕು ಜನರ ಮನೆಗೆ ದಿನಕ್ಕೆ 400 ಗ್ರಾಂ ಸೊಪ್ಪನ್ನು ಸಂತೆಯಿಂದ ತರುವವರು ಎಷ್ಟು ಮಂದಿ? ಹಿತ್ತಲಿನಲ್ಲಿದ್ದರೆ ಕೈ ತಾನಾಗಿ ಹೋಗುತ್ತದೆ.

ಮಣ್ಣನ್ನು ಹಿಡಿಯಲ್ಲಿ ಅಮುಕಿ ನೋಡಿ. ಉಂಡೆಯಾಗಿ, ಬೆರಳು ಒತ್ತಿದರೆ ಪುಡಿಯಾದರೆ ಹದ ಬಂದಿದೆ. ಅಂಟುತ್ತಿದ್ದರೆ ನಾಲ್ಕು ದಿನ ಕಾಯಿರಿ. ಒದ್ದೆ ಮಣ್ಣು ಅಗೆದರೆ ಹೆಂಟೆಗಟ್ಟುತ್ತದೆ, ನಿಮ್ಮ ಸೊಂಟವೂ ಹಿಡಿಯುತ್ತದೆ. ಮಡಿಯ ಅಗಲ ಮೂರು ಅಡಿ ಇರಲಿ, ಎರಡೂ ಕಡೆಯಿಂದ ಕೈಗೆಟುಕುವಷ್ಟು. ದಕ್ಷಿಣ ಒಳನಾಡಿನಲ್ಲಿ ಅಕ್ಟೋಬರಿನ ಹಿಂಗಾರು ಮಳೆ ಜೋರಾಗಿಯೇ ಬರುವುದರಿಂದ ಮಡಿಯನ್ನು ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿ. ಕರಾವಳಿಯವರು ದೀಪಾವಳಿಯವರೆಗೆ ಕಾಯುವುದು ಮೇಲು. ಬಗ್ಗಿ ಅಗೆಯುವುದು ಅರ್ಧ ಗಂಟೆ, ಆಮೇಲೆ ಮಣೆ ಹಾಕಿ ಕುಳಿತು ಮಾಡುವ ಕೆಲಸ. ಹೃದ್ರೋಗಿಗಳು, ಸೊಂಟನೋವಿನವರು ಇಡೀ ಹಿತ್ತಲನ್ನು ಒಂದೇ ಭಾನುವಾರದಲ್ಲಿ ಮುಗಿಸುವ ಹಟ ಮಾಡಬಾರದು.

ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸಗಣಿ ಸೊಪ್ಪಿನ ಮಡಿಗೆ ಬೇಡ. ಬಚ್ಚಲ ನೀರನ್ನು ಬಾಳೆ, ತೆಂಗಿಗೆ ಬಿಡುವ ನಮ್ಮ ಹಳೆಯ ಪದ್ಧತಿ ಸರಿಯೇ. ಆದರೆ ಕೊತ್ತಂಬರಿ, ಮೂಲಂಗಿ, ಸೌತೆ, ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ, ಇವುಗಳಿಗೆ ಶುದ್ಧ ನೀರೇ ಆಗಬೇಕು. ಶೌಚದ ಗುಂಡಿಯ ನೀರು ಹರಿಯುವ ಕಡೆ ಸೊಪ್ಪು ಬೆಳೆಯಬಾರದು. ಆ ಮಲಿನದಿಂದ ಬರುವ ಲಾಡಿಹುಳುವಿನ ಮೊಟ್ಟೆ ಹಸಿ ಸೊಪ್ಪಿನ ಮೂಲಕ ಹೊಟ್ಟೆ ಸೇರಿ, ಮರಿಗಳು ಮಿದುಳಿನಲ್ಲಿ ಗೂಡು ಕಟ್ಟಿ ಫಿಟ್ಸ್ ಬರಿಸುವುದುಂಟು. ಮಾಂಸ ಮುಟ್ಟದವರ ಮನೆಯಲ್ಲೂ ಈ ಕಾಯಿಲೆ ಕಾಣುವುದು ಹೀಗೆ.

ದಂಟು (ಕರಾವಳಿಯ ಹರಿವೆ, ಉತ್ತರದ ರಾಜಗಿರಿ), ಮೆಂತ್ಯ, ಪಾಲಕ್, ಮೂಲಂಗಿ ಮೊದಲ ಸಾಲಿಗೆ. ಎಲ್ಲವನ್ನೂ ಒಂದೇ ದಿನ ಬಿತ್ತದೆ ಹತ್ತು ದಿನಕ್ಕೊಂದು ಮಡಿ ಬಿತ್ತಿದರೆ ಸಂಕ್ರಾಂತಿಯವರೆಗೂ ಸೊಪ್ಪು ತಪ್ಪದು. ಮೆಂತ್ಯ ಮೂರು ವಾರಕ್ಕೆ, ದಂಟು ನಾಲ್ಕು ವಾರಕ್ಕೆ ಕೈಗೆ ಬರುತ್ತದೆ. ಮೂಲೆಯಲ್ಲೊಂದು ನುಗ್ಗೆ, ಚಪ್ಪರಕ್ಕೆ ಅವರೆ ಅಥವಾ ಬಸಳೆ. ಹುಳು ಬಿದ್ದರೆ ಹೊಲಕ್ಕೆ ಹೊಡೆಯುವ ಔಷಧಿ ತರಬೇಡಿ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿ ನೆನೆಸಿ, ಸೋಸಿ, ಚಿಟಿಕೆ ಸೋಪು ಸೇರಿಸಿ ಸಂಜೆ ಸಿಂಪಡಿಸಿ. ಯಾವ ಔಷಧಿಯನ್ನೂ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿ; ಮನೆಯಲ್ಲಿ ಮಕ್ಕಳಿರುತ್ತಾರೆ.

ಬೆಳೆದದ್ದನ್ನು ಉಣ್ಣುವ ಕ್ರಮವೂ ಮುಖ್ಯ. ಕೊಯ್ದ ಸೊಪ್ಪನ್ನು ಮೊದಲು ಎರಡು ಮೂರು ನೀರಿನಲ್ಲಿ ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ಜೀವಸತ್ವ ನೀರುಪಾಲು. ಬೇಯಿಸಿದ ನೀರನ್ನು ಚೆಲ್ಲಬಾರದು. ಹಳೆ ಮೈಸೂರಿನ ಗೃಹಿಣಿಯರು ಸೊಪ್ಪು ಬಸಿದ ನೀರಿನಲ್ಲೇ ಬಸ್ಸಾರು ಮಾಡುವುದರಲ್ಲಿ ರುಚಿಯ ಜೊತೆ ಪೋಷಣೆಯ ಲೆಕ್ಕವೂ ಇದೆ. ಒಗ್ಗರಣೆಯ ಎಣ್ಣೆ ಸೊಪ್ಪಿನಲ್ಲಿರುವ 'ಎ' ಜೀವಸತ್ವದ ಮೂಲಾಂಶ ಮೈಗೂಡಲು ಬೇಕು. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ನಿಧಾನ. ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಹೆಚ್ಚು ಹತ್ತುತ್ತದೆ, ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಈಗಾಗಲೇ ರಕ್ತಹೀನತೆಯಿದೆ ಎಂದು ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು, ಹಿತ್ತಲಲ್ಲಿ ಸೊಪ್ಪಿದೆ ಎಂದು ನಿಲ್ಲಿಸುವಂತಿಲ್ಲ.

ಮೂತ್ರಪಿಂಡದ ಕಾಯಿಲೆಯಿರುವವರು ಸೊಪ್ಪಿನ ಅಳತೆಯನ್ನು ವೈದ್ಯರಲ್ಲಿ ಕೇಳಿಯೇ ತಿನ್ನಬೇಕು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆ ನುಂಗುತ್ತಿರುವವರೂ ಎಚ್ಚರದಿಂದಿರಬೇಕು. ಸೊಪ್ಪಿನಲ್ಲಿರುವ 'ಕೆ' ಜೀವಸತ್ವ ಆ ಮಾತ್ರೆಯ ಶಕ್ತಿ ಕುಗ್ಗಿಸುತ್ತದೆ. ಇಂಥವರು ಸೊಪ್ಪನ್ನು ಬಿಡಬೇಕಾಗಿಲ್ಲ. ಒಂದು ವಾರ ಒಂದು ಕಟ್ಟು, ಇನ್ನೊಂದು ವಾರ ಹತ್ತು ಕಟ್ಟು ಎನ್ನುವ ಬದಲು ವಾರವಾರವೂ ಒಂದೇ ಅಳತೆ ಇಟ್ಟುಕೊಳ್ಳಲಿ. ಮುಂದಿನ ರಕ್ತಪರೀಕ್ಷೆಗೆ ಹೋದಾಗ ಮಡಿಯಲ್ಲಿ ಸೊಪ್ಪು ಬಂದಿದೆ, ತಿನ್ನಲು ಶುರು ಮಾಡಿದ್ದೇನೆ ಎಂದು ವೈದ್ಯರಿಗೆ ತಿಳಿಸಲಿ. ಮಾತ್ರೆಯ ಪ್ರಮಾಣವನ್ನು ಅವರು ಅದಕ್ಕೆ ಹೊಂದಿಸಿಕೊಡುತ್ತಾರೆ.